ಮೊಳೆಗೆ ಹಾಕಿದ ಬಳೆ

ಅಕ್ಕನ ಬಲಗೈಯಲ್ಲಿ ಮೊಣಕೈಯಿಂದ ಕೆಳಗೆ ಒಂದು ಕೂದಲೂ ಇರಲಿಲ್ಲ. ಎಳ್ಳು ಚೆಲ್ಲಿದ ಹಾಗೆ ಸಣ್ಣ ಸಣ್ಣ ಕಪ್ಪು ಚುಕ್ಕೆಗಳಿದ್ದವು. ಕಾದ ಮರಳಿನ ಹರಳು ಸಿಡಿದು ಆದ ಗುರುತುಗಳವು. ಎಡಗೈ ಮಾತ್ರ ಬೇರೆ ಯಾರದೋ ಕೈ ಅನ್ನುವಂತೆ ನುಣ್ಣಗಿದ್ದು, ಅದರ ತುಂಬ ಹಸಿರು ಗಾಜಿನ ಬಳೆ ಇರುತ್ತಿದ್ದವು. ಬಲಗೈಯ ಬಳೆಗಳು ಹಗಲೆಲ್ಲ ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದವು. ಭಟ್ಟಿಯ ಮುಂದೆ ಗಾಜು ಕಾದರೆ ಚರ್ಮಕ್ಕೆ ಬರೆ ಬೀಳುತ್ತದೆ. ದೀಪ ಹಚ್ಚುವ ಹೊತ್ತಿಗೆ ಕೈ ತೊಳೆದುಕೊಂಡು ಒಂದೊಂದೇ ಬಳೆ ಏರಿಸುತ್ತ, "ಈಗ ನೋಡು, ನಾನೂ ಮುತ್ತೈದಿ ಆದೆ" ಎಂದು ನಗುತ್ತಿದ್ದಳು.

ಹರಪನಹಳ್ಳಿಯಲ್ಲಿ ನಮ್ಮದು ಮಂಡಕ್ಕಿ ಭಟ್ಟಿ. ಉಪ್ಪುನೀರು ಕುಡಿಸಿ ಒಣಗಿಸಿದ ಅಕ್ಕಿಯನ್ನು ಕಾದ ಮರಳಿನ ಬಾಣಲೆಗೆ ಹಾಕಬೇಕು, ಕಡ್ಡಿಯ ಕಟ್ಟಿನಿಂದ ಆಡಿಸಬೇಕು, ಅರಳಿದ ಕೂಡಲೇ ಜರಡಿಗೆ ಸುರಿಯಬೇಕು. ಮರಳು ಕೆಳಗೆ, ಮಂಡಕ್ಕಿ ಮೇಲೆ. ಹೇಳುವುದಕ್ಕೆ ಇಷ್ಟೇ. ಮರಳು ಎಷ್ಟು ಕಾದಿದೆ ಅನ್ನುವುದನ್ನು ಅಕ್ಕ ಕಣ್ಣಿನಿಂದ ತಿಳಿಯುತ್ತಿರಲಿಲ್ಲ. ನಾಲ್ಕು ಕಾಳು ಎಸೆದು, ತಲೆ ಓರೆ ಮಾಡಿ ಕಿವಿಗೊಡುತ್ತಿದ್ದಳು. "ಇನ್ನೂ ಗೊಣಗ್ತೈತಿ, ತಡಿ" ಅನ್ನುವಳು. ಆಮೇಲೆ, "ಹೂಂ, ಈಗ ಹಾಕು."

ಆ ಮರಳು ನಮ್ಮ ಅಪ್ಪನ ಕಾಲದ್ದು. ವರ್ಷಕ್ಕೊಮ್ಮೆ ಹಂಪಸಾಗರದ ಹೊಳೆಯಿಂದ ಒಂದು ಚೀಲ ದಪ್ಪ ಮರಳು ತಂದು, ತೊಳೆದು, ಜರಡಿ ಹಿಡಿದು ಹಳೆಯದರ ಜೊತೆ ಬೆರೆಸುತ್ತಿದ್ದಳು. ಹಳೆಯದನ್ನು ಚೆಲ್ಲುವ ಮಾತೇ ಇಲ್ಲ. ಸುಟ್ಟು ಸುಟ್ಟು ಅದು ಕರ್ರಗೆ, ಸಾಸಿವೆಯ ಹಾಗೆ ದುಂಡಗಾಗಿತ್ತು. "ಹೊಸಾ ಮರಳಿಗೆ ಬುದ್ಧಿ ಇರಂಗಿಲ್ಲ, ಹಳೇದರ ಜೋಡಿ ಇದ್ದು ಕಲೀಬೇಕು" ಎನ್ನುತ್ತಿದ್ದಳು. ಹಾಗನ್ನುವಾಗ ನನ್ನ ಕಡೆ ನೋಡುತ್ತಿದ್ದಳು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಪ್ಪ ಸತ್ತಾಗ ಸಣ್ಣವನು. ಅವ್ವ ಇದ್ದರೂ ನನ್ನನ್ನು ಬೆಳೆಸಿದವಳು ಅಕ್ಕನೇ. ಭಟ್ಟಿ ಬಿಟ್ಟು ಹೋಗುವುದಿಲ್ಲ ಎಂದು ಅವಳು ಹಟ ಹಿಡಿದಿದ್ದಕ್ಕೆ ಅವಳ ಗಂಡ, ಅಂದರೆ ಮಾವನೇ ನಮ್ಮ ಮನೆಗೆ ಬಂದು ಉಳಿದಿದ್ದ. ಅವರಿಗೆ ಮಕ್ಕಳಾಗಲಿಲ್ಲ.

ಮಾವ ಲಾರಿ ಡ್ರೈವರು. ಈರುಳ್ಳಿ ಲೋಡು ತೆಗೆದುಕೊಂಡು ಗೋವಾಕ್ಕೆ ಹೋಗಿ ಬರುತ್ತಿದ್ದ. ಬಂದಾಗಲೆಲ್ಲ ಸಮುದ್ರದ ಸುದ್ದಿ. ನೀರು ಬಂದು ಕಾಲು ಮುಟ್ಟಿ ವಾಪಸ್ಸು ಹೋಗುವಾಗ ಕಾಲಡಿಯ ಮರಳು ತಾನೇ ಜಾರುತ್ತದೆ, ನೆಲವೇ ನಡೆದ ಹಾಗೆ ಆಗುತ್ತದೆ ಎಂದು ಅವನು ಹೇಳಿದ್ದು ಅಕ್ಕನ ತಲೆಯಲ್ಲಿ ಕೂತುಬಿಟ್ಟಿತ್ತು. "ಮರಳು ತಣ್ಣಗ ಇರ್ತೈತೇನ್ರಿ ಅಲ್ಲಿ?" ಎಂದು ಎಷ್ಟು ಸಲ ಕೇಳಿದ್ದಳೋ. ಅವಳು ಬೇರೇನನ್ನೂ ಕೇಳಿದವಳಲ್ಲ. ತಣ್ಣನೆಯ ಮರಳಿನ ಮೇಲೆ ಒಮ್ಮೆ ಬರಿಗಾಲಲ್ಲಿ ನಿಲ್ಲಬೇಕು, ಅಷ್ಟೇ.

ಮಳೆಗಾಲದಲ್ಲಿ ಅಕ್ಕಿ ಒಣಗುವುದಿಲ್ಲ, ಭಟ್ಟಿ ನಿಲ್ಲುತ್ತದೆ. ಆಗಲೂ ಅಕ್ಕ ಸುಮ್ಮನೆ ಕೂಡದೆ ಒಂದು ಖಾನಾವಳಿಗೆ ರೊಟ್ಟಿ ಬಡಿಯಲು ಹೋಗುತ್ತಿದ್ದಳು, ಬಳೆ ಅಲ್ಲೂ ಮೊಳೆಗೇ. ಗೋವಾದಲ್ಲಿ ಸಮುದ್ರದ ದಂಡೆಯ ಲಾಡ್ಜುಗಳೂ ಮಳೆಗಾಲದಲ್ಲಿ ಖಾಲಿ. ಮಾವನಿಗೆ ಗುರುತಿದ್ದ ಒಬ್ಬ ಲಾಡ್ಜಿನವನು, ರೂಮು ಸುಮ್ಮನೆ ಬಿದ್ದಿವೆ, ಹೆಂಡತಿಯನ್ನು ಕರೆದುಕೊಂಡು ಬಾ ಎಂದಿದ್ದನಂತೆ. ಹೀಗೆ ಒಂದು ಆಷಾಢದಲ್ಲಿ ನಾಲ್ಕು ದಿನಕ್ಕೆ ಹೋಗುವುದೆಂದಾಯಿತು. ಓಣಿಯ ಹೆಂಗಸರು ಬಿದ್ದು ಬಿದ್ದು ನಕ್ಕರು.

"ಮಳಿಗಾಲದಾಗ ಯಾರನ ಸಮುದ್ರ ನೋಡಾಕ ಹೋಗ್ತಾರೇನಬೇ? ಹುಚ್ಚು ಹಿಡದೈತೇನು ನಿನಗ?"

"ಬ್ಯಾಸಿಗ್ಯಾಗ ಹೋಗ್ತೀನಿ, ಭಟ್ಟಿ ಮುಂದ ನೀ ಕುಂದರ್ತೀಯೇನು, ಹೇಳು?" ಎಂದಳು ಅಕ್ಕ.

ಸೋಮವಾರ ಬೆಳಿಗ್ಗೆ ಹುಬ್ಬಳ್ಳಿ ಬಸ್ಸು ಹತ್ತುವಾಗ ಅವಳ ಎರಡೂ ಕೈ ತುಂಬ ಬಳೆ. ಹಗಲು ಹೊತ್ತಿನಲ್ಲಿ ಹಾಗೆ ನೋಡಿದ್ದು ನಾನು ಅದೇ ಮೊದಲು. "ನಾಕು ದಿನ ಇವನ್ನ ತೆಗಿಯಂಗಿಲ್ಲ ನೋಡಲೇ ತಮ್ಮಾ" ಎಂದು ಕೈ ಕುಲುಕಿ ತೋರಿಸಿದಳು. ಕಂಕುಳಲ್ಲಿ ಒಂದು ಖಾಲಿ ಬಟ್ಟೆ ಚೀಲ. ಸಮುದ್ರದ ಮರಳು ತಂದು, ಅದರಲ್ಲಿ ಮಂಡಕ್ಕಿ ಅರಳುತ್ತದೋ ಇಲ್ಲವೋ ನೋಡಬೇಕಂತೆ. ಬಸ್ಸು ಹೊರಟ ಮೇಲೂ ಕಿಟಕಿಯಿಂದ ಕೂಗಿದಳು. "ಅಕ್ಕಿ ಚೀಲ ತೊಯ್ಯದಂಗ ನೋಡ್ಕೋ. ಮರಳು ಮುಟ್ಟಬ್ಯಾಡ. ಕೇಳಿಸ್ತೇನು? ಮರಳು ಮುಟ್ಟಬ್ಯಾಡ!"

ಕೇಳಿಸಿತ್ತು. ಕೇಳಿಸಿಯೂ ಮಾಡಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅದೇ ದಿನ ಮಧ್ಯಾಹ್ನ ತೆಲಿಗಿಯ ಅಂಗಡಿಯವನೊಬ್ಬ ಬಂದ. ಅವನಿಗೆ ಗುರುವಾರದ ಹೊತ್ತಿಗೆ ಮಂಡಕ್ಕಿ ಬೇಕಿತ್ತು. ಮಳೆ ಮುಗಿಯುವ ತನಕ ಇಲ್ಲ ಎಂದು ಅಕ್ಕ ಆಗಲೇ ಹೇಳಿ ಕಳಿಸಿದ್ದಳು. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಕ್ಕ ಇಲ್ಲಂದ್ರ ನಿನ್ನ ಕೈಯಾಗ ಏನೂ ಆಗಂಗಿಲ್ಲ ಬಿಡಪ" ಅಂದ. ನನಗಾಗ ಇಪ್ಪತ್ತು ವರ್ಷ. ಆ ಮಾತು ತಡೆಯಲಾಗಲಿಲ್ಲ. "ಯಾಕ ಆಗಂಗಿಲ್ಲ? ಗುರುವಾರ ಬಂದು ಒಯ್ಯಿರಿ" ಎಂದುಬಿಟ್ಟೆ. ಮನೆಯಲ್ಲಿ ಒಣಗಿಸಿಟ್ಟ ಕೊನೆಯ ನಾಲ್ಕು ಚೀಲ ಅಕ್ಕಿ ಇತ್ತು. ಮಳೆ ಬಿಟ್ಟ ಕೂಡಲೇ ಭಟ್ಟಿ ಹಚ್ಚಲು ಅಕ್ಕ ಎತ್ತಿಟ್ಟಿದ್ದು.

ಅಷ್ಟಕ್ಕೇ ನಿಂತಿದ್ದರೂ ಹೇಗೋ ಸರಿಹೋಗುತ್ತಿತ್ತು. ಭಟ್ಟಿ ನಿಂತಾಗ ಮರಳು ತುಂಬಿಡುವ ಗುಂಡಿಯ ಮುಚ್ಚಳ ತೆಗೆದು ನೋಡಿದೆ. ಕರ್ರಗೆ, ಬೂದಿ ಬೂದಿ. ಬೆಳ್ಳನೆಯ ಹೊಸ ಮರಳಿನಲ್ಲಿ ಹುರಿದರೆ ಮಂಡಕ್ಕಿ ಮಲ್ಲಿಗೆಯ ಹಾಗೆ ಬರುತ್ತದೆ, ಅಕ್ಕ ಬಂದು ನೋಡಿ ಬೆರಗಾಗುತ್ತಾಳೆ ಅನ್ನಿಸಿತು. ಈಗ ನೆನೆದರೆ ಹಲ್ಲು ಕಡಿಯುವಷ್ಟು ಸಿಟ್ಟು ಬರುತ್ತದೆ. ಅಪ್ಪನ ಕಾಲದ ಮರಳನ್ನು ಬುಟ್ಟಿ ಬುಟ್ಟಿ ಹೊತ್ತು ಓಣಿಯ ಕೆಸರಿಗೆ ಸುರಿದೆ. ಓಣಿಯವರು, ಕೆಸರಿಗೆ ಮರಳು ಬಿತ್ತು, ಕಾಲು ಜಾರುವುದಿಲ್ಲ ಎಂದು ಖುಷಿಪಟ್ಟರು. ಹಳ್ಳದಿಂದ ತಿಳಿ ಮರಳು ತಂದು ತುಂಬಿದೆ. ಸಂಜೆ ಹೊಡೆದ ಮಳೆಗೆ ಓಣಿಯ ಮರಳು ಗಟಾರ ಸೇರಿತು.

ಮಂಗಳವಾರ ಬೆಳಿಗ್ಗೆ ಭಟ್ಟಿ ಹಚ್ಚಿದೆ. ಹಳ್ಳದ ಮರಳು ನುಸಿಯ ಹಾಗೆ ಸಣ್ಣದು, ಮಣ್ಣು ಮಿಶ್ರ. ಒಂದು ಕಡೆ ಕೆಂಪಗಾದರೆ ಇನ್ನೊಂದು ಕಡೆ ಹಸಿ. ಅಕ್ಕಿ ಅರ್ಧ ಕರಕಲಾಯಿತು, ಅರ್ಧ ಕಲ್ಲಾಗಿಯೇ ಉಳಿಯಿತು, ಅರಳಿದ ನಾಲ್ಕು ಕಾಳಿಗೂ ಮರಳು ಮೆತ್ತಿಕೊಂಡಿತು. ಇನ್ನೊಂದು ಸಲ, ಇನ್ನೊಂದು ಸಲ ಎನ್ನುತ್ತ ನಾಲ್ಕೂ ಚೀಲ ಹಾಳು ಮಾಡಿದೆ. ಅಕ್ಕನ ಹಾಗೆ ಕಿವಿಗೊಟ್ಟೆ. ನನಗೆ ಏನೂ ಕೇಳಿಸಲಿಲ್ಲ.

ಸಣ್ಣಂದಿನಿಂದಲೂ ಏನು ಮುರಿದರೂ ಅಕ್ಕನ ಹತ್ತಿರ ಓಡುವುದು ನನ್ನ ಚಾಳಿ. ಲಾಡ್ಜಿನ ಫೋನ್ ನಂಬರನ್ನು ಮಾವ ಭಟ್ಟಿಯ ಗೋಡೆಯ ಮೇಲೆ ಇದ್ದಿಲಲ್ಲಿ ಬರೆದಿದ್ದ. ಅದನ್ನು ಕೈಮೇಲೆ ಬರೆದುಕೊಂಡು ನಮ್ಮ ಮನೆಯ ಪಕ್ಕದ ಎಸ್‌ಟಿಡಿ ಬೂತಿಗೆ ಹೋದೆ. ಅಕ್ಕ ಎತ್ತಿದ್ದರೆ ನಿಜ ಹೇಳುತ್ತಿದ್ದೆನೇನೋ. ಎತ್ತಿದವನು ಮಾವ.

"ಯಾಕಲೇ? ಏನಾತು?"

ಮಾವನ ಸಿಟ್ಟು ನನಗೆ ಗೊತ್ತು. ಬಾಯಿ ತಾನೇ ಅಂದಿತು. "ಅವ್ವಗ ಆರಾಮಿಲ್ರಿ ಮಾವ."

ಆಮೇಲೆ ಅಕ್ಕ ಫೋನು ಇಸಕೊಂಡಳು. "ಭಾಳ ಐತೇನು?" ಎಂದಳು. ನಾನು ಹೂಂ ಅಂದೆ. ಆಮೇಲೆ, "ನೀ ಆರಾಮ ಅದಿ ಹೌದಿಲ್ಲೋ?" ಎಂದು ಕೇಳಿದಳು. ಮತ್ತೆ ಹೂಂ ಅಂದೆ. "ಬರ್ತೀವಿ, ಅಂಜಬ್ಯಾಡ" ಎಂದು ಇಟ್ಟಳು.

ರಾತ್ರಿ ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕಳೆದು ಬುಧವಾರ ಬೆಳಿಗ್ಗೆ ಬಂದರು. ನಾನು ಎಂಥ ದಡ್ಡನೆಂದರೆ, ಕಾಯಿಲೆ ಬಿದ್ದಿದ್ದೀಯ ಎಂದು ಅವ್ವನಿಗೇ ಹೇಳಿರಲಿಲ್ಲ. ಅವ್ವ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಮಗಳು ಅಳಿಯನನ್ನು ನೋಡಿ, "ಯಾಕಬೇ, ಇಷ್ಟ್ ಲಗೂನ ಬಂದ್ರಿ? ಮುಗೀತಾ ಸಮುದ್ರ?" ಎಂದಳು.

ಮಾವ ಚೀಲ ಕೆಳಗಿಟ್ಟು ನನ್ನ ಕಡೆ ತಿರುಗಿದ. ಅಷ್ಟರಲ್ಲಿ ಅಕ್ಕ ನಡುವೆ ಬಂದು ಅವ್ವನ ಹಣೆ ಮುಟ್ಟಿ, "ಜ್ವರ ಇಳದೈತಿ ನೋಡ್ರಿ" ಅಂದಳು. ಅವ್ವ ಮಗಳ ಮುಖ ನೋಡಿ, ನನ್ನ ಮುಖ ನೋಡಿ, ಒಂದು ಸಲ ಕೆಮ್ಮಿದಳು. "ಹೂಂ, ನಸಿಕಿನ್ಯಾಗ ಇಳೀತವಾ" ಎಂದು ಹುಣಸೆಹಣ್ಣು ಬದಿಗಿಟ್ಟು ಒಳಗೆ ಹೋಗಿ ಕಂಬಳಿ ಹೊದ್ದುಕೊಂಡಳು.

ಭಟ್ಟಿಯ ಮನೆಗೆ ಬಂದ ಅಕ್ಕ ಸುಟ್ಟ ಅಕ್ಕಿಯನ್ನು ಬದಿಗೆ ಸರಿಸಿ ಮುಂದೆ ಹೋದಳು. ಮರಳಿನ ಗುಂಡಿ ನೋಡಿದಾಗ ಮಾತ್ರ ಬಗ್ಗಿ ಒಂದು ಹಿಡಿ ಎತ್ತಿ ನೋಡಿದಳು. "ಹಳೇದು ಎಲ್ಲಿ?" ನಾನು ಓಣಿಯ ಕಡೆ ಕೈ ತೋರಿಸಿದೆ. ಅವಳು ಬಲಗೈಯ ಬಳೆಗಳನ್ನು ತೆಗೆದು ಮೊಳೆಗೆ ಹಾಕಿ, ಮೊರ ಹಿಡಿದು ಹೊರಗೆ ಹೋದಳು. ಸಮುದ್ರದ ದಂಡೆಯಲ್ಲಿ ಮರಳ ಮೇಲೆ ನಿಲ್ಲಬೇಕೆಂದು ಹೋದವಳು ಗಟಾರದ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು ಕೆಸರಿನೊಳಗಿಂದ ಕಪ್ಪು ಮರಳು ಆರಿಸಿದಳು. ನಾನು ಬೊಗಸೆ ಹಿಡಿದು ಹೋದರೆ, "ನೀ ಆಚಿ ಸರಿ, ನಿನಗ ಯಾವುದು ಹಳೇದು ಯಾವುದು ಹೊಸಾದು ತಿಳಿಯಂಗಿಲ್ಲ" ಎಂದಳು. ಅವಳು ನನಗೆ ಅಂದ ಕಠಿಣ ಮಾತು ಅದೊಂದೇ. ಸಂಜೆಯ ತನಕ ಆರಿಸಿ ಸಿಕ್ಕಿದ್ದು ಒಂದೇ ಬುಟ್ಟಿ. ತೆಲಿಗಿಯವನಿಗೆ ಅವಳೇ ಹೇಳಿ ಕಳಿಸಿದಳು, ತಪ್ಪು ನಮ್ಮದು, ಈ ಸಲ ಆಗುವುದಿಲ್ಲ ಎಂದು.

ಮಾವ ವಾರಗಟ್ಟಲೆ ಗೊಣಗಿದ. ಮಳೆಯನ್ನು ಬೈದ, ಬಸ್ಸನ್ನು ಬೈದ, ಮುಚ್ಚಿದ ಹೋಟೆಲುಗಳನ್ನು ಬೈದ. ನನ್ನನ್ನು ಮಾತ್ರ ಬೈಯಲಿಲ್ಲ, ಅಕ್ಕ ಬಾಯಿ ಕಟ್ಟಿದ್ದಳು ಅಂತ ಕಾಣುತ್ತದೆ. ಓಣಿಯ ಹೆಂಗಸರು ಕೇಳಿದರೆ ಅಕ್ಕ, "ಭಾಳ ಚಲೋ ಐತಬೇ. ಬಾಣಲ್ಯಾಗ ಮಂಡಕ್ಕಿ ಉಕ್ಕಿ ಬಂದಂಗ ಬೆಳ್ಳಗ ನೊರಿ ಬರ್ತೈತಿ, ಕಾಲು ಮುಟ್ತೈತಿ, ಹೋಗ್ತೈತಿ" ಎಂದು ಕೈ ತಿರುಗಿಸಿ ಹೇಳುತ್ತಿದ್ದಳು. ಆಗ ಮಾವ ಎದ್ದು ಹೊರಗೆ ಹೋಗುತ್ತಿದ್ದ. ನಾಲ್ಕು ದಿನದ ಬದಲು ಒಂದು ದಿನ, ಆದರೂ ನೋಡಿದಳಲ್ಲ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಎಷ್ಟೋ ವರ್ಷ ಆ ಸಮಾಧಾನದಲ್ಲೇ ನಿದ್ದೆ ಮಾಡಿದ್ದೇನೆ.

ಮತ್ತೆ ಕರೆದುಕೊಂಡು ಹೋಗುತ್ತೇನೆ ಎಂದು ಪ್ರತಿ ಮಳೆಗಾಲದಲ್ಲೂ ಹೇಳುತ್ತಿದ್ದೆ. ಒಂದು ವರ್ಷ ಮಾವನ ಲಾರಿ ಚಿಗಟೇರಿಯ ಹತ್ತಿರ ಹಳ್ಳಕ್ಕೆ ಬಿದ್ದು ಅವನ ಕಾಲು ಮುರಿಯಿತು. ಒಂದು ವರ್ಷ ನನ್ನ ಮದುವೆ. ಒಂದು ವರ್ಷ ಅವ್ವ ನಿಜಕ್ಕೂ ಹಾಸಿಗೆ ಹಿಡಿದಳು, ಏಳಲಿಲ್ಲ. ಆಮೇಲೆ ಯಾವ ಕಾರಣವೂ ಇಲ್ಲದ ಎರಡು ಮೂರು ಮಳೆಗಾಲ ಬಂದು ಹೋದವು. ಅವುಗಳಿಗೆ ಏನು ಹೇಳಲಿ? ಸುಮ್ಮನೆ ಮುಂದಕ್ಕೆ ಹಾಕಿದೆ. "ಬರೋ ವರ್ಷ ಹೋಗಾಣ ಬಿಡಕ್ಕಾ" ಎಂದರೆ, "ಹೂಂ" ಎನ್ನುತ್ತಿದ್ದಳು. ಆ ಹೂಂ ಕೇಳಿದರೆ ನನಗೇ ಸಿಟ್ಟು ಬರುತ್ತಿತ್ತು. ಒಮ್ಮೆಯಾದರೂ ಜಗಳ ತೆಗೆದಿದ್ದರೆ ಹೋಗಿಬಿಡುತ್ತಿದ್ದೆವೇನೋ.

ಭಟ್ಟಿಯ ಹೊಗೆ ಅವಳ ಎದೆಯೊಳಗೆ ಕೂತಿತ್ತು. ಕೊನೆಗೆ ದಾವಣಗೆರೆಯ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದಳು. ಒಂದು ಮಧ್ಯಾಹ್ನ ಮಾವ ಊಟಕ್ಕೆ ಹೋಗಿದ್ದಾಗ, ಇನ್ನು ತಡೆದರೆ ಆಗುವುದಿಲ್ಲ ಅನ್ನಿಸಿ ಹೇಳಿದೆ.

"ಅಕ್ಕಾ, ಆವತ್ತು ಅವ್ವಗ ಏನೂ ಆಗಿದ್ದಿಲ್ಲ. ನಾ ಸುಳ್ಳು ಹೇಳಿದ್ದೆ."

"ಗೊತ್ತೈತಿ ತಗಾ" ಎಂದಳು.

"ಅವ್ವ ಹೇಳಿದಳೇನು?"

"ಅವ್ವ ಯಾಕ ಹೇಳ್ಬೇಕು? ನೀ ಫೋನ್ ಮಾಡಿದಾಗ್ಲೇ ಕೇಳಿಸ್ತು. 'ಬರುವಾಗ ಎಲಿ ಅಡಿಕಿ ತಗಂಬಾರಲೇ' ಅಂತ ಅವ್ವ ಹಿಂದ ಒದರಾಕತ್ತಿದ್ದಳು." ನಗಲು ಹೋಗಿ ಕೆಮ್ಮಿದಳು.

ಬೂತಿನಿಂದ ನಮ್ಮ ಕಟ್ಟೆಗೆ ನಾಲ್ಕು ಹೆಜ್ಜೆ. ಅವ್ವ ಕೂಗಿದ್ದು ನನಗೆ ಕೇಳಿಸಿಯೇ ಇರಲಿಲ್ಲ.

"ಮತ್ತ ಗೊತ್ತಾಗಿ ಯಾಕ ಬಂದಿ?"

"ಅವ್ವನ ಮ್ಯಾಲೆ ಸುಳ್ಳು ಹೇಳಾಕತ್ಯಾನಂದ್ರ ಹುಡುಗ ಏನೋ ದೊಡ್ಡದು ಮಾಡ್ಕ್ಯಂಡಾನ, ಜೀವಕ್ಕೆ ಏನರ ಮಾಡ್ಕಂಡಾನು ಅನ್ಕಂಡೆ. ಸಮುದ್ರ ಎಲ್ಲಿ ಹೋಗ್ತೈತಲೇ?"

"ಒಂದಿನ ಆದ್ರೂ ನೋಡಿದ್ಯಲ್ಲಕ್ಕಾ."

ಅವಳು ಚುಕ್ಕೆ ತುಂಬಿದ ಬಲಗೈಯನ್ನು ಹಾಸಿಗೆಯ ಮೇಲೆ ಮೆಲ್ಲಗೆ ಆಡಿಸಿದಳು. "ಎಲ್ಲಿ ನೋಡಿದ್ನಿ? ಹೋದ ದಿನ ಸಂಜಿಮುಂದ ಮಳಿ. ಬೆಳಿಗ್ಗೆನೂ ಮಳಿ, ಏನೂ ಕಾಣವಲ್ದು. ಕೆಂಪು ಬಾವುಟ ಹಾಕಿ ಯಾರನ್ನೂ ಇಳಿಯಾಕ ಬಿಡವಲ್ರು. ಮಧ್ಯಾಹ್ನ ಬಿಡ್ತೈತಿ ಅಂದ್ರು, ಚೀಲ ಹಿಡ್ಕಂಡು ಪಡಸಾಲ್ಯಾಗ ಕುಂತಿದ್ವಿ. ಅಷ್ಟರಾಗ ನಿನ್ನ ಫೋನು ಬಂತು." ಆಮೇಲೆ ಕಣ್ಣು ಮುಚ್ಚಿ ಹೇಳಿದಳು. "ಸಪ್ಪಳ ಕೇಳಿದ್ನಿ. ಚಲೋ ಕಾದ ಮರಳಿನ ಸಪ್ಪಳ ಇದ್ದಂಗ ಇತ್ತು."

ಮಾವ ತಟ್ಟೆ ಹಿಡಿದು ಬಂದ. ಅವಳು ಮಾತು ಬದಲಿಸಿದಳು. ಅದಾದ ನಾಲ್ಕನೇ ದಿನ ಹೋಗಿಬಿಟ್ಟಳು.

ಈಗ ಭಟ್ಟಿ ನನ್ನದು. ಗಟಾರದ ದಂಡೆಯಿಂದ ಅವಳು ಆರಿಸಿ ತಂದ ಒಂದು ಬುಟ್ಟಿ ಮರಳು ಇನ್ನೂ ಬಾಣಲೆಯಲ್ಲಿದೆ. ವರ್ಷಕ್ಕೊಮ್ಮೆ ಹಂಪಸಾಗರದ್ದನ್ನು ತಂದು ಅದಕ್ಕೆ ಬೆರೆಸುತ್ತೇನೆ. ಒಂದು ಹಿಡಿಯನ್ನೂ ಚೆಲ್ಲುವುದಿಲ್ಲ. ಸಮುದ್ರಕ್ಕೆ ನಾನು ಹೋಗಿಲ್ಲ.

ಮಣ್ಣಿಗೆ ಒಯ್ಯುವ ಮೊದಲು ಓಣಿಯ ಹೆಂಗಸರು ಅಕ್ಕನಿಗೆ ಎರಡೂ ಕೈ ತುಂಬ ಹಸಿರು ಬಳೆ ತೊಡಿಸಿದರು. ಬಲಗೈಯದನ್ನು ಮೊಳೆಯಿಂದ ಇಳಿಸಿ ಕೊಟ್ಟವನು ನಾನೇ. ನನಗೆ ಬುದ್ಧಿ ಬಂದ ಮೇಲೆ, ಹಗಲು ಹೊತ್ತಿನಲ್ಲಿ ಅಕ್ಕನ ಆ ಕೈಯಲ್ಲಿ ಬಳೆ ನೋಡಿದ್ದು ಎರಡೇ ಸಲ. ಮೊದಲನೇ ಸಲ ಅವು ನಾಲ್ಕು ದಿನ ಇರಬೇಕಿತ್ತು. ಮೂರನೇ ದಿನ ಬೆಳಿಗ್ಗೆ ತೆಗೆಸಿದೆ.