ಗಂಗವ್ವ ಬರೆದ ಅಂಕಿಗಳು

ಸಾರಿಗೆ ಒಗ್ಗರಣೆ ಹಾಕಲು ಹೊರಟಿದ್ದೆ. ಸಾಸಿವೆ ಸಿಡಿಯುವ ಮೊದಲೇ ಅಡುಗೆಮನೆಯ ಕಿಟಕಿಯಿಂದ ಬಣ್ಣದ ವಾಸನೆ ಒಳಗೆ ಬಂತು. ಒಲೆ ಆರಿಸಿ ಕಿಟಕಿಗೆ ಬಂದೆ. ವಾಸ್ಕೋದಲ್ಲಿ ಮಳೆಗಾಲ ಮುಗಿದದ್ದು ನನಗೆ ಗೊತ್ತಾಗುವುದೇ ಈ ವಾಸನೆಯಿಂದ. ನಾಲ್ಕು ತಿಂಗಳ ನೀರು, ಪಾಚಿ, ಟೈರುಗಳು ಸೇರಿ ನಮ್ಮ ಕಟ್ಟಡದ ಪಾರ್ಕಿಂಗಿನ ಬಿಳಿ ಗೆರೆಗಳನ್ನು ತಿಂದುಬಿಟ್ಟಿರುತ್ತವೆ. ಆಮೇಲೆ ವಿಜಯಪುರದ ಕಡೆಯ ಗಂಡ ಹೆಂಡತಿ, ಹೊಳೆಪ್ಪ ಮತ್ತು ಗಂಗವ್ವ, ಅವನ್ನು ಮತ್ತೆ ಎಳೆಯಲು ಬರುತ್ತಾರೆ.

ಅವರ ಕೆಲಸವನ್ನು ನೀವೊಮ್ಮೆ ನೋಡಬೇಕು. ನೀಲಿ ಪುಡಿಯಲ್ಲಿ ಹೊರಳಿಸಿದ ದಾರ. ಕಾರು ಒಳಬರುವ ಕಡೆ ಹೊಳೆಪ್ಪ, ಎದುರಿಗೆ ಗೋಡೆಯ ಕಡೆ ಗಂಗವ್ವ. ದಾರ ಬಿಗಿಯಾದಾಗ ಇಬ್ಬರೂ ಉಸಿರು ಹಿಡಿಯುವರು. ಆಕೆ ಎರಡು ಬೆರಳಲ್ಲಿ ಮೀಟಿದರೆ ನೀಲಿ ಹೊಗೆಯೊಂದು ಎದ್ದು, ಇಳಿದು, ನೆಲದ ಮೇಲೆ ಗೆರೆಯಾಗಿ ಮಲಗುವುದು. ಅದರ ಮೇಲೆ ಹೊಳೆಪ್ಪ ಬಿಳಿ ಬಣ್ಣ ಹಚ್ಚುವನು. ಕೊನೆಗೆ, ಕೂತಲ್ಲಿಂದಲೇ, ಒಂದೊಂದು ಜಾಗಕ್ಕೆ ಒಂದೊಂದು ಅಂಕಿ ಬರೆಯುವನು. ಧಾರವಾಡದ ಕಾನ್ವೆಂಟಿನಲ್ಲಿ ಸಿಸ್ಟರು ಸ್ಕೇಲಿನಿಂದ ಬೆರಳಿಗೆ ಕೊಟ್ಟರೂ ನನ್ನ ಮಾರ್ಜಿನ್ನು ಎಂದೂ ನೇರ ಬಂದದ್ದಿಲ್ಲ. ಹಾಗಾಗಿ ಅಕ್ಕಿ ಆರಿಸುವ ನೆಪದಲ್ಲಿ ಕಿಟಕಿಗೇ ಅಂಟಿಕೊಂಡಿರುತ್ತಿದ್ದೆ.

"ನೀವು ಮಾತಾಡಿದ್ರ ಪುಸ್ತಕ ಓದಿದಂಗ ಅಕ್ಕೈತ್ರಿ, ಅಕ್ಕಾರ," ಎಂದು ಗಂಗವ್ವ ನಗುವಳು.

ಮೂರು ವರ್ಷದ ಹಿಂದೆ ಮೊದಲ ಸಲ ಬ್ರಷ್ಷು ಆಕೆಯ ಕೈಯಲ್ಲಿತ್ತು. ಚಹಾ ಕೊಡಹೋದರೆ ಹೊಳೆಪ್ಪ ಲೋಟದ ಪಕ್ಕದ ಗಾಳಿ ಹಿಡಿದ.

"ಕಣ್ಣಿಗೆ ಪೊರಿ ಬಂದೈತ್ರಿ," ಗಂಗವ್ವ ದನಿ ತಗ್ಗಿಸಿದಳು. "ಸೆಕ್ರೆಟರಿ ಸಾಹೇಬ್ರಿಗೆ ಹೇಳಬ್ಯಾಡ್ರಿ. ಇಲ್ಲಿ ಬ್ಯಾಡಂದ್ರ ಬಾಕಿ ಬಿಲ್ಡಿಂಗ್‌ನವ್ರೂ ಕರಿಯಂಗಿಲ್ಲ."

ಹೇಳುವುದಿಲ್ಲ ಎಂದೆ.

ಗಂಗವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೂ ಗಂಡನ ಜಾಗದಲ್ಲಿ ಕೂತು ಅಂಕಿಗಳನ್ನೆಲ್ಲ ಬರೆದು, ತಲೆಯೆತ್ತಿ ಕೇಳಿದಳು: "ಸರಿ ಬಂದಾವೇನ್ರಿ?"

ಮೇಲಿನಿಂದ ನೋಡಿದರೆ ಮುತ್ತು ಪೋಣಿಸಿದ ಹಾಗಿದ್ದವು. "ಬಹಳ ಸೊಗಸಾಗಿವೆ" ಎಂದೆ, ಪುಸ್ತಕದ ಭಾಷೆಯಲ್ಲೇ.

ಸ್ವಲ್ಪ ಹೊತ್ತಿಗೆ ನೆರೆಮನೆಯ ಅಜ್ಜ ಸ್ಕೂಟರಿನಲ್ಲಿ ಒಳಬಂದು, "ಹೆಂ ಕಿತೆಂ?" ಇದೇನಿದು ಎಂದು ಕೊಂಕಣಿಯಲ್ಲಿ ಕೂಗಿದರು. ಓಡಿ ಇಳಿದೆ. ಕಾರು ಬರುವ ಕಡೆಯಿಂದ ಅಂಕಿಗಳೆಲ್ಲ ತಲೆಕೆಳಗು! ಆರು ಒಂಬತ್ತಾಗಿ, ಒಂಬತ್ತು ಆರಾಗಿ ಕೂತಿದ್ದವು. ನನ್ನ ಕಿಟಕಿ ಇರುವುದು ಗೋಡೆಯ ಕಡೆ. ಕಾರು ಓಡಿಸದ ನನಗೆ ಹೊಳೆದೇ ಇರಲಿಲ್ಲ. ಗಂಗವ್ವನೂ ವರ್ಷಗಟ್ಟಲೆ ಗಂಡನ ಎದುರು ಕೂತು, ತಲೆಕೆಳಗಾಗಿಯೇ ಅಂಕಿಗಳನ್ನು ಕಲಿತವಳು.

ಕಟ್ಟಡದ ಸೆಕ್ರೆಟರಿ ಕೆಲಸ ನೋಡಲು ಐದಕ್ಕೆ ಬರುವವರಿದ್ದರು. ನನ್ನ ಹಳೆಯ ಸೀರೆ ಹರಿದು, ಸೀಮೆಎಣ್ಣೆಯಲ್ಲಿ ಅದ್ದಿ ಹಸಿ ಬಣ್ಣ ಒರೆಸಿದೆವು.

"ಒರಿಸಿ ಮತ್ತ ಹೆಂಗ ಬರೀಲ್ರಿ? ನನಗ ಗೊತ್ತಿರೂದು ಇಷ್ಟ," ಎಂದು ಗಂಗವ್ವ ಬ್ರಷ್ಷು ಕೆಳಗಿಟ್ಟಳು.

ಹೊಳೆಪ್ಪ ಹೇಳಿದ: "ಗಂಗಿ, ನನ್ನ ಜಾಗಾದಾಗ ಯಾಕ ಕುಂತಿ? ನಿನ್ನ ಕಡೆ ಹೋಗು. ಅಲ್ಲಿಂದ ನಿನಗ ಹೆಂಗ ಕಾಣತಿದ್ವೊ, ಹಂಗ ಬರಿ."

ಆಕೆ ಗೋಡೆಯ ಕಡೆ ಹೋಗಿ ಕೂತಳು. ಅವನು ಎದುರಿಗೆ ಕೂತ. ಒಂದೊಂದೇ ಅಂಕಿ ಅವನತ್ತ ನೆಟ್ಟಗೆ ಮುಖಮಾಡಿ ಮೂಡಿತು, ಅವನಿಗದು ಕಾಣುತ್ತಿರಲಿಲ್ಲ. ಐದಕ್ಕೆ ಸೆಕ್ರೆಟರಿ ಬಂದರು. ನೆಲದ ಮಸುಕಿಗೆ ಹುಬ್ಬೇರಿಸಿ, ಅಂಕಿಗಳನ್ನು ಓದಿ, "ಬರೆಂ", ಚೆನ್ನಾಗಿದೆ, ಎಂದು ಮೆಟ್ಟಿಲು ಹತ್ತಿದರು. ಅಂದಿನಿಂದ ಅಂಕಿ ಬರೆಯುವ ಕೆಲಸ ಗಂಗವ್ವನದೇ.

ಇವತ್ತು ಕಿಟಕಿ ಸಾಲದೆನಿಸಿ ಚಪ್ಪಲಿ ಮೆಟ್ಟಿ ಕೆಳಗೇ ಬಂದೆ. ಹೊಳೆಪ್ಪನಿಗೆ ಈ ಬೇಸಿಗೆಯಲ್ಲಿ ಕಣ್ಣಿನ ಆಪರೇಷನ್ ಆಗಿದೆ. ಅಂಕಿಗಳನ್ನು ಸುತ್ತಿ ಸುತ್ತಿ ನೋಡುತ್ತಿದ್ದ.

"ಎರಡರ ಅಂಕಿ ಸೊಟ್ಟ ಬಂದೈತಿ. ಬ್ರಷ್ ಇತ್ತ ತಾ."

"ನೋಡ್ರಿ ಅಕ್ಕಾರ, ಕಣ್ಣು ಬಂದಮ್ಯಾಲ ಇವರಿಗೆ ಬರೇ ನನ್ನ ತಪ್ಪ ಕಾಣಾಕತ್ತಾವ," ಎಂದಳು ಗಂಗವ್ವ. ಆಮೇಲೆ ಗಂಡನಿಗೆ: "ಬ್ರಷ್ ಕೊಡಂಗಿಲ್ಲ. ದಾರ ಹಿಡೀರಿ."

ಹೊಳೆಪ್ಪ ಪಂಚಾಯ್ತಿಗೆಂಬಂತೆ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. ಅವನು ದಾರದ ತುದಿ ಹಿಡಿದು ಕೂತ. ನಗು ತಡೆಯಲು ನೋಡಿದ, ಆಗಲಿಲ್ಲ.