ಗಡಿ ದಾಟದ ಬಾಡಿಗೆದಾರ

ಅಡ್ಯಾರಿನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಪೋಲೆಂಡಿನ ಮಾರೆಕ್, ಭಾರತದ ಪೌರತ್ವಕ್ಕೆ ಕಾದು ಕುಳಿತವರ ಜಾತಿಯವನು. ಅರ್ಜಿಗೆ ಮುಂಚಿನ ಹನ್ನೆರಡು ತಿಂಗಳು ದೇಶ ಬಿಟ್ಟು ಕದಲಬಾರದೆಂಬ ಕಾನೂನಿಗೆ ಅವನಷ್ಟು ಹೆದರಿದವರನ್ನು ನಾನು ನೋಡಿಲ್ಲ. ವಿಮಾನ ನಿಲ್ದಾಣದ ಕಡೆ ಹೋಗುವ ಬಸ್ಸನ್ನೇ ಹತ್ತುವುದಿಲ್ಲ; ಬೀಚಿನಲ್ಲಿ ಅಲೆ ಕಾಲಿಗೆ ತಾಗುವ ಮೊದಲೇ ಹಿಂದೆ ಸರಿಯುತ್ತಾನೆ. ಸನ್ನಡತೆಯೂ ಬೇಕಂತೆ, ಅದಕ್ಕೆ ಖಾಲಿ ರಸ್ತೆಯಲ್ಲೂ ಹಸಿರು ದೀಪಕ್ಕೆ ಕಾಯುತ್ತಾನೆ. ಇಲ್ಲಿನ ಒಂದು ಭಾಷೆ ಬರಬೇಕೆಂದಾಗ, ಊರೆಲ್ಲ ತಮಿಳಾಡುತ್ತಿದ್ದರೂ ನನ್ನ ಹೆಂಡತಿ ವೃಂದಾಳಿಂದ ಕನ್ನಡವನ್ನೇ ಕಲಿತ. ಜೊತೆಗೆ ಏಕಾದಶಿಯ ಉಪವಾಸವನ್ನೂ ಹಿಡಿದ. ಇನ್ನೆರಡು ತಿಂಗಳು ಉಳಿದಿರುವಾಗ ಪೋಲೆಂಡಿನಲ್ಲಿ ಅವನ ತಾಯಿ ಆಸ್ಪತ್ರೆ ಸೇರಿದರು. "ಹೋಗ್ಬಿಟ್ಟು ಬಾಪ್ಪಾ. ಇಂಥ ಕಾರಣಕ್ಕೆ ಮೂವತ್ತು ದಿನದ ತನಕ ಮನ್ನಿಸಬಹುದಂತೆ," ಎಂದಳು ವೃಂದಾ. "ಮನ್ನಿಸದೆ ಹೋದ್ರೆ, ಮಾಮಿ?" ಎಂದು ಕೇಳಿದವನು ಫೋನನ್ನು ಕೈಯಿಂದ ಕೆಳಗಿಡದೆ ಮಹಡಿಯ ಮೇಲೆ ವಾರವೆಲ್ಲ ಓಡಾಡಿದ. ನಿನ್ನೆ ಮಧ್ಯಾಹ್ನ ಮೇಲೆ ಕೊಡಗಟ್ಟಲೆ ನೀರು ಸುರಿದ ಸದ್ದು ಕೇಳಿಸಿತು. ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು ಹೊಯ್ದುಕೊಂಡು, ತೊಟ್ಟಿಕ್ಕುತ್ತಾ ಇಳಿದು ಬಂದು ಹೊಸ್ತಿಲಾಚೆ ನಿಂತ. ವೃಂದಾ ಒಳಗೆ ಕರೆದಳು. "ಬೇಡ ಮಾಮಿ," ಎಂದ, "ನಂಗೆ ಸೂತಕ."