ಸಂಜೆಯ ಬೆಲೆ

ಚರ್ಚಾ ಸ್ಪರ್ಧೆಗಳಲ್ಲಿ ಎದುರಾಳಿಗಳ ಬಾಯಿ ಮುಚ್ಚಿಸಿ ಬಂದವಳು ನಾನು. ಹಾರವಾಡದ ನಮ್ಮ ಜಗಲಿಯಲ್ಲಿ ಮಾತ್ರ ಇಂದಿಗೂ ಒಂದೂ ವಾದ ಗೆದ್ದಿಲ್ಲ. ಅಲ್ಲಿ ಎದುರಾಳಿ ಆಯಿ, ನನ್ನ ಅಮ್ಮ. ಬೆಳಗಿನ ಬಸ್ಸಿಗೆ ಬುಟ್ಟಿ ಏರಿಸಿಕೊಂಡು ಹೋಗಿ ಕಾರವಾರದಲ್ಲಿ ಮೀನು ಮಾರುವವಳು.

ಪದವಿಯ ಎರಡನೇ ವರ್ಷಕ್ಕೆ ಫೀ ಮತ್ತೆ ಏರಿತ್ತು. ಹಳೆಯ ಲೆಕ್ಕದಷ್ಟು ಹಣ ಟ್ರಂಕಿನಲ್ಲಿತ್ತು, ಏರಿದ್ದನ್ನೂ ಆಯಿ ಹೇಗೋ ಹೊಂದಿಸಿದ್ದಳು. ಆದರೆ ಗಂಟು ಬಿಚ್ಚಲೊಲ್ಲಳು.

“ಬೆಳಿಗ್ಗೇನೇ ಹೇಳಿದ ರೇಟಿಗೆ ತಕಣೂದು ಯಾರು? ತಡಿ. ಹೊತ್ತು ಇಳಿದ್ಮೇಲೆ ರೇಟು ಇಳಿಸಿ ಅವ್ರೇ ಕರೀತ್ರು.”

“ಆಯಿ, ಅದು ಕಾಲೇಜು. ಬಂಗಡೆ ಅಲ್ಲ!”

“ಸೀಟು ಉಳಿದ್ರೆ ಅವ್ರೇನು ಉಪ್ಪು ಹಾಕಿ ಒಣಗ್ಸ್ತ್ರಾ?”

ತರ್ಕದಲ್ಲಿ ದೋಷ ಹುಡುಕಿದೆ, ಸಿಗಲಿಲ್ಲ. ಕೊನೆಗೆ ಉಳಿದ ಸೀಟನ್ನು ಅಗ್ಗಕ್ಕೆ ಬಿಡುವ ಕಾಲೇಜುಗಳ ಸುದ್ದಿ ನಾನೂ ಕೇಳಿದ್ದೆ. ನಮ್ಮದು ಅಂಥದ್ದಲ್ಲ, ಅಷ್ಟೇ.

ಗಡುವು ದಾಟಿತು. ಹೆಸರು ಹೊಡೆದುಹಾಕುವ ದಿನ ಆಯಿ ಬುಟ್ಟಿಯ ಸಮೇತ ನನ್ನೊಡನೆ ಕಾಲೇಜಿಗೆ ಬಂದಳು. ಕೌಂಟರಿನ ಗುಮಾಸ್ತರು ದಂಡ ಸೇರಿಸಿ ಮೊತ್ತ ಹೇಳಿದರು.

“ತಡ ಆದ್ರೆ ಜಾಸ್ತಿಯಾ ಸಾಯ್ಬ್ರೆ? ಎಲ್ಲಿಯ ಪೇಟೆ ಇದು?”

“ರೂಲ್ಸು ಅಮ್ಮಾ. ನಾಲ್ಕಕ್ಕೆ ಕೌಂಟರ್ ಬಂದ್. ಆಮೇಲೆ ನಿಮ್ಮ ಹುಡುಗಿ ಹೆಸ್ರು ಹೋಗ್ತದೆ.”

ದಂಡದಷ್ಟು ಹಣ ಕಡಿಮೆ ಬಿತ್ತು. ಆಯಿ ನನ್ನ ಮುಖ ನೋಡಿದಳು. ಗೆದ್ದ ವಾದ ಇಷ್ಟು ಸಪ್ಪೆಯಾಗಿರುತ್ತದೆಂದು ಯಾವ ಸ್ಪರ್ಧೆಯಲ್ಲೂ ಕಲಿತಿರಲಿಲ್ಲ.

ಅವಳು ಸೀದಾ ಗೇಟಿನ ಹೊರಗೆ ಹೋಗಿ ಮರದಡಿ ಬುಟ್ಟಿ ಇಳಿಸಿ, “ಬಂಗಡೇ!” ಎಂದು ಕೂಗಿದಳು. ಸಹಪಾಠಿಗಳು ತಿರುಗಿ ನೋಡಿದರು. ನೋಡಲಿ ಎಂದುಕೊಂಡು ಪಕ್ಕದಲ್ಲಿ ಕೂತು ಚೀಲ ಬಿಡಿಸಿ ಹಿಡಿದೆ. ಉಪನ್ಯಾಸಕರು ಕೊಂಡರು, ಆಟೋದವರು ಕೊಂಡರು. ಇನ್ನೂ ಸ್ವಲ್ಪ ಸಾಲದು ಅನ್ನುವಾಗ ಚಹಾಕ್ಕೆಂದು ಗುಮಾಸ್ತರೇ ಹೊರಬಂದರು. ಬಗ್ಗಿ, ಉಳಿದ ಮೀನಿನ ಕಿವಿರು ಎತ್ತಿ ನೋಡಿದರು.

“ಕೊನೇಗೆ ಉಳಿದದ್ದು. ಕಮ್ಮಿ ಮಾಡಿ ಕೊಡಿ.”

“ತಡ ಆಯ್ತಲ್ರಾ ಸಾಯ್ಬ್ರೆ. ದಂಡ ಅದೆ.”

ಅವರು ನಕ್ಕುಬಿಟ್ಟರು. ಕೇಳಿದಷ್ಟೂ ನನ್ನ ಫೋನಿಗೆ ಹಾಕಿದರು; ದಂಡದ ಹಣ ತುಂಬಿತು. ಆಯಿ ಕೊಸರೆಂದು ಎರಡು ಬಂಗಡೆ ಹೆಚ್ಚಿಗೆ ಹಾಕಿದಳು. ಅವರು ಚಹಾ ಬಿಟ್ಟು ಒಳಗೆ ಬಂದು, ಅದೇ ಹಣ ಸೇರಿಸಿ ನಾನು ಕಟ್ಟಿದ್ದನ್ನು ಪಡೆದು, ಮೀನು ನಾರುವ ಕೈಯಿಂದಲೇ ರಸೀದಿ ಕೊಟ್ಟರು.

ಸಂಜೆಯ ಬಸ್ಸಿನಲ್ಲಿ, ಖಾಲಿ ಬುಟ್ಟಿ ಕಾಲ ಬಳಿ ಇಟ್ಟುಕೊಂಡು ಕೂತಾಗ, “ಬರೂ ವರ್ಷ ಮೊದ್ಲ ದಿನವೇ ಕಟ್ಟುವಾ ಆಯಿ” ಎಂದೆ.

ಆಯಿ ಯೋಚಿಸಿದಳು.

“ಮೊದ್ಲ ದಿನ ಹೋದ್ರೆ ಕೊಸರು ಕೊಡ್ತ್ರಾ?”